ಕಿಚ್ಚು ಹಾಯ್ದ ಕಾರು

ಕಾರಿಗೆ ಮೇಣ ಹಚ್ಚುವವರಿಗೆ ನಾನು ಮೊದಲು ಹೇಳುವುದು ಒಂದೇ: ಕಡಿಮೆ ಹಚ್ಚಿ. ಈಗ ವರ್ಷಗಟ್ಟಲೆ ಬಾಳುವ ಸೆರಾಮಿಕ್ ಕೋಟಿಂಗ್ ಬಂದಿದೆ, ಮೊಮ್ಮಕ್ಕಳು ಅದಕ್ಕೆ ಸುರಿಯುವ ದುಡ್ಡು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಮಾತು ಅದೇ. ತೆಳುವಾಗಿದ್ದರೆ ಬಣ್ಣವನ್ನು ಕಾಯುತ್ತದೆ. ದಪ್ಪವಾದರೆ ಬೀದಿಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ.

ಐವತ್ತರ ದಶಕದಲ್ಲಿ ರಾಜಾಜಿನಗರವೆಂದರೆ ಬಹುಪಾಲು ಸೈಟಿನ ಕಲ್ಲು ನೆಟ್ಟ ಬಯಲು. ಮಾಗಡಿ ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ನಾನು ಹಳೇ ಕಾರುಗಳಿಗೆ ಹೊಳಪು ಕೊಡುತ್ತಿದ್ದೆ, ಕೊಳ್ಳುವವರಿಗೂ ಮಾರುವವರಿಗೂ ನಡುವೆ ನಿಂತು ವ್ಯಾಪಾರ ಕುದುರಿಸುತ್ತಿದ್ದೆ. ಹೊರದೇಶದ ಡಬ್ಬಿ ಪಾಲಿಶ್ ನಮ್ಮಂಥವರ ಕೈಗೆ ಸಿಗುತ್ತಿರಲಿಲ್ಲ. ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದು ಟರ್ಪೆಂಟೈನ್ ಬೆರೆಸುತ್ತಿದ್ದೆ. ಒಲೆಯ ಹತ್ತಿರವೇ ಬೆರೆಸಿದರೆ ನಿಮ್ಮ ಹುಬ್ಬು ಉಳಿಯುವುದಿಲ್ಲ.

ಕಾಮಾಕ್ಷಿಪಾಳ್ಯದ ಕಡೆಯ ಒಬ್ಬ ಗೌಡರ ಹೊಲ ಬಡಾವಣೆಗೆ ಹೋಯಿತು. ಹೊಲವಿಲ್ಲದ ಮೇಲೆ ಎತ್ತೇಕೆಂದು ಜೋಡಿಯನ್ನೂ ಮಾರಿದರು. ನನ್ನ ಮೂಲಕವೇ ಒಂದು ಕಪ್ಪು ಕಾರು ಕೊಂಡು ಬಾಡಿಗೆಗೆ ಓಡಿಸತೊಡಗಿದರು. ಕಾರು ನಿಲ್ಲುತ್ತಿದ್ದುದು ಎತ್ತಿನ ಕೊಟ್ಟಿಗೆಯಲ್ಲೇ. ಸಂಕ್ರಾಂತಿ ಕಳೆದರೆ ಮದುವೆಗಳು ಶುರುವಾಗುತ್ತವೆ. ಕೆಂಗೇರಿಯ ಒಂದು ದೊಡ್ಡ ಮನೆಯವರು ಮೆರವಣಿಗೆಗೆ ಕಾರು ಬೇಕೆಂದು, ಹಬ್ಬದ ಮಾರನೆಯ ದಿನ ನನ್ನ ಶೆಡ್ಡಿಗೇ ಬಂದು ನೋಡುತ್ತೇವೆಂದಿದ್ದರು. ಅವರು ಒಪ್ಪಿದರೆ ಅವರ ನೆಂಟರ ಮದುವೆಗಳೂ ಸಿಗುತ್ತವೆ. ಒಪ್ಪದಿದ್ದರೆ ಕಾರು ಮಾರಿ ಕಾರ್ಖಾನೆ ಬಾಗಿಲಲ್ಲಿ ಕೂಲಿಗೆ ನಿಲ್ಲುವುದೇ ಗತಿ ಎಂದು ಗೌಡರು ನನ್ನ ಹತ್ತಿರ ಹೇಳಿಕೊಂಡಿದ್ದರು.

ಹಬ್ಬದ ಹಿಂದಿನ ದಿನ ಒಂದು ಡಬ್ಬಿ ಮೇಣ ಒಯ್ದರು. "ತೆಳ್ಳಗೆ ಹಚ್ಚಿ, ಒಣಗಿದ್ಮೇಲೆ ಮೆತ್ತನೆ ಬಟ್ಟೇಲಿ ಉಜ್ಜಿ ತೆಗೀರಿ" ಎಂದು ಎರಡೆರಡು ಸಲ ಹೇಳಿ ಕಳಿಸಿದೆ.

ಹಬ್ಬದ ಮಾರನೆಯ ಬೆಳಿಗ್ಗೆ ಕಾರು ಶೆಡ್ಡಿನ ಮುಂದೆ ಬಂದು ನಿಂತಿತು. ಕಪ್ಪು ಹೋಗಿ ಬೂದುಬಣ್ಣವಾಗಿತ್ತು. ಎಡಗಡೆಯ ಬಾಗಿಲುಗಳ ತುಂಬ ಗೀರು. ಹಿಂದಿನ ಸೀಟಿನಲ್ಲಿ ಗೌಡರ ತಾಯಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು.

"ಏನಾಯ್ತು ಗೌಡ್ರೆ?"

"ಅವ್ವನ್ನೇ ಕೇಳಿ. ಕಿಚ್ಚು ಹಾಯಿಸವ್ಳೆ."

"ಎತ್ತಿಗಾ?"

"ಎತ್ತೆಲ್ಲೈತೆ ಅಣ್ಣ. ಇದಕ್ಕೆ."

ಅಜ್ಜಿ ಸೆರಗು ತೆಗೆದರು. "ಕೊಟ್ಟಿಗೇಲಿ ಇರೋದು ಇದೊಂದೇ ಕಣಪ್ಪ. ದುಡಿಯೋದೂ ಇದೇ. ವರ್ಷಾವರ್ಷ ದನ ಕಿಚ್ಚು ಹಾಯ್ದ ಜಾಗ, ಈ ಸಲ ಸುಮ್ನೆ ಬಿಡೋಕಾಯ್ತದಾ? ಬೆಂಕಿ ಮೇಲೆ ಓಡ್ಸು ಅಂದಿಲ್ಲ. ಪಕ್ಕದಲ್ಲಿ ಓಡ್ಸು ಅಂದೆ."

"ಪೆಟ್ರೋಲು ಐತೆ ಕಣವ್ವ ಅಂತ ಬಡ್ಕೊಂಡೆ" ಎಂದರು ಗೌಡರು.

"ನೀನು ಬೆಣ್ಣೆ ಮೆತ್ತಿದಂಗೆ ಮೆತ್ತಿದ್ಯಲ್ಲ, ಅದನ್ನೂ ಹೇಳು."

ಆಗ ನನಗೆ ವಿಷಯ ತಿಳಿಯಿತು. ಗೌಡರು ಪ್ರೀತಿ ಹೆಚ್ಚಾಗಿ ಇಡೀ ಡಬ್ಬಿಯನ್ನು ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡಿದಂತೆ ಬಳಿದು, ಉಜ್ಜದೆ ಬಿಟ್ಟಿದ್ದರು. ಹುಲ್ಲಿನ ಬೆಂಕಿಯ ಕಾವಿಗೆ ಮೇಣ ಮೆತ್ತಗಾಗಿ, ಹಾರಿದ ಬೂದಿಯೆಲ್ಲ ಅದಕ್ಕೆ ಅಂಟಿತ್ತು. ಗಾಬರಿಯಲ್ಲಿ ತಾಯಿ ಮಗ ಇಬ್ಬರೂ ಬೆಂಕಿಯ ಕಡೆಗಿದ್ದ ಎಡಗಡೆಯನ್ನು ಒಣ ಗೋಣಿಚೀಲ ಹಿಡಿದು ತಿಕ್ಕಿ ಗೀರು ಎಬ್ಬಿಸಿದ್ದರು. ಕಾರಿನ ಮೇಲೆ ಧೂಳಿರಲಿ ಬೂದಿಯಿರಲಿ, ಒಣಗಿದ್ದಾಗ ಒರೆಸಬೇಡಿ. ಮೊದಲು ನೀರು ಹೊಯ್ಯಿರಿ.

"ಬಯ್ಯೋದಾದ್ರೆ ನನ್ನ ಬಯ್ಯಪ್ಪ" ಎಂದರು ಅಜ್ಜಿ. "ಅವನು ನೆನ್ನೆಯಿಂದ ಉಂಡಿಲ್ಲ."

ಬಯ್ಯಲು ಹೊತ್ತೂ ಇರಲಿಲ್ಲ, ಮನಸ್ಸೂ ಬರಲಿಲ್ಲ. ಕೆಂಗೇರಿಯವರು ಊಟದ ಹೊತ್ತಿಗೆ ಬರುವವರು. ಮೊದಲು ನೀರು ಹೊಯ್ದು ಸಡಿಲ ಬೂದಿ ಇಳಿಸಿದೆವು. ಟರ್ಪೆಂಟೈನ್‌ನಲ್ಲಿ ಬಟ್ಟೆ ಅದ್ದಿ ಮೇಣ ಎಬ್ಬಿಸಿದೆವು. ಜರಡಿ ಹಿಡಿದ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ, ಬೆರಳ ತುದಿಯ ಭಾರದಲ್ಲೇ ಉಜ್ಜಿದೆವು. ಆಮೇಲೆ ಹೊಸ ಮೇಣ, ಇದ್ದೂ ಇಲ್ಲದಷ್ಟು. ಅಜ್ಜಿ ತಮ್ಮ ಗಂಟಿನಿಂದ ಹಳೇ ಸೀರೆಯ ತುಂಡು ತೆಗೆದು ನಮ್ಮ ಜೊತೆಗೇ ಉಜ್ಜಿದರು. ಮುಖ ಕಾಣುವಷ್ಟು ಹೊಳಪು ಬಂತು. ಆದರೆ ಆಳದ ಗೀರನ್ನು ಮೇಣ ಮಂಕು ಮಾಡುತ್ತದೆಯೇ ಹೊರತು ಅಳಿಸುವುದಿಲ್ಲ. ಕಾರನ್ನು ಹೊಂಗೆಮರದ ನೆರಳಿಗೆ ತಂದು, ಎಡಗಡೆ ಶೆಡ್ಡಿನ ಗೋಡೆಗೆ ಒತ್ತಿ ನಿಲ್ಲಿಸಿದೆ. ತೋರಿಸುವ ಕಾರನ್ನು ಬಿಸಿಲಲ್ಲಿ ನಿಲ್ಲಿಸುವಷ್ಟು ದಡ್ಡ ನಾನಲ್ಲ.

ಬಂದವರು ಮದುವಣಗಿತ್ತಿಯ ಸೋದರಮಾವ, ಅವರೂ ಹೊಲ ಉತ್ತವರೇ. ಕಾರಿನ ಮೂರು ಕಡೆ ಸುತ್ತಿ ಬಂದು ನಿಂತರು.

"ಒಂಚೂರು ಬಿಸಿಲಿಗೆ ತೆಗೀರಿ."

ನಾನು ಇಂಜಿನ್ನಿನ ವಿಚಾರ ಎತ್ತಿದೆ. ಟೈರು ಹೊಸದು ಎಂದೆ. ಸೀಟಿನ ಮೇಲೆ ಕೂತು ನೋಡಿ ಎಂದೆ.

"ಆ ಕಡೆ ಗೀರೈತೆ ಕಣಪ್ಪ" ಎಂದರು ಅಜ್ಜಿ. "ನಾನು ಕಿಚ್ಚು ಹಾಯಿಸ್ದೆ."

ಗೌಡರು ಕಣ್ಣು ಮುಚ್ಚಿಕೊಂಡರು.

"ಯಾವುದಕ್ಕೆ?"

"ಇದಕ್ಕೇ."

ಸೋದರಮಾವ ಕಾರನ್ನು ನೋಡಿದರು, ಅಜ್ಜಿಯನ್ನು ನೋಡಿದರು. "ಎತ್ತು ಕೊಟ್ಬಿಟ್ರಾ?"

"ಭೂಮಿ ಹೋಯ್ತಲ್ಲಪ್ಪ."

ಅವರು ಸ್ವಲ್ಪ ಹೊತ್ತು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತರು, ಎತ್ತಿನ ಬೆನ್ನ ಮೇಲೆ ಇಡುವ ಹಾಗೆ. ನಕ್ಕರು. "ಹೂವಿನ ಜಾಲರಿ ಬಿದ್ಮೇಲೆ ಬಾಗಿಲು ಯಾರು ನೋಡ್ತಾರೆ. ದೃಷ್ಟಿಯಂತೂ ಕಳೆದೈತೆ. ಹುಡುಗಿ ಕೂತ್ಕೊಳ್ಳೋಕೆ ಇನ್ನೇನು ಬೇಕು. ಗೌಡ್ರೆ, ಆವತ್ತು ಬೆಳಗ್ಗೇನೇ ಬಂದ್ಬಿಡಿ."

ಬಾಡಿಗೆ ಇಳಿಸುವ ಮಾತನ್ನು ನಾನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದೆ. ನುಂಗಿಕೊಂಡೆ. ಒಪ್ಪಿದ ಗಿರಾಕಿಯ ಮುಂದೆ ಬಾಯಿ ಬಿಡಬಾರದು. ಹೂವಿನ ಕೆಳಗೆ ಒಂದು ತೆಳು ಬಟ್ಟೆ ಹಾಸಿಕೊಳ್ಳಿ, ಇಲ್ಲದಿದ್ದರೆ ಒದ್ದೆ ದಾರ ಬಣ್ಣದ ಮೇಲೆ ಕರೆ ಬಿಡುತ್ತದೆ ಎಂದಷ್ಟೇ ಹೇಳಿದೆ.

ಅವರು ಹೋದ ಮೇಲೆ ಗೌಡರು ಶೆಡ್ಡಿನ ಕಟ್ಟೆಯ ಮೇಲೆ ಕುಸಿದು ಕೂತು, ಬುತ್ತಿ ಬಿಚ್ಚು ಎಂದು ತಾಯಿಗೆ ಹೇಳಿದರು. ಅಜ್ಜಿ ಬುತ್ತಿ ಬಿಚ್ಚುತ್ತ, "ಬರೋ ಸಂಕ್ರಾಂತಿಗೂ ಹಾಯಿಸ್ತೀನಿ" ಎಂದರು.

"ಕಾರು ರಸ್ತೇಲಿ ನಿಲ್ಲಲಿ ಅವ್ವ, ಕಿಚ್ಚು ಕೊಟ್ಟಿಗೆ ಮುಂದೆ ಉರೀಲಿ" ಎಂದೆ.

"ಅಷ್ಟು ದೂರಕ್ಕೆ ಹಾಯ್ದಂಗೆ ಆಯ್ತದಾ? ಅಂಗಳದ ಬಾವಿ ತನಕ ಕಾರು ತರಿಸ್ತೀನಿ."

"ಬಾವಿ ಆಗಲ್ಲ, ಹತ್ರ ಆಯ್ತು. ರಸ್ತೆ ಬದಿ ಹುಣಸೇಮರದ ತನಕ."

ಮಗನ ತಟ್ಟೆಗೆ ಮುದ್ದೆ ಇಟ್ಟು ಅಜ್ಜಿ ಯೋಚಿಸಿದರು. "ಹುಣಸೇಮರ ಆಗ್ಲಿ. ಆದ್ರೆ ಕಾರಿನ ಮುಖ ಬೆಂಕಿ ಕಡೆ ಇರ್ಬೇಕು."

ಒಪ್ಪಿದೆ.