ನೇಸರಗಿಯ ವ್ಯಾನಿನ ಸಪ್ಪಳ

ಸಪ್ಪಳ ನನಗೆ ಕೇಳಿಸಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವ್ಯಾನು ಕೊಡಿಸಿ ನನ್ನ ಕೆಲಸ ಹಾಳು ಮಾಡಿದವರು ನಮ್ಮ ಕಾಕಾ ಅಂತ ಓಣಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಇಷ್ಟು ದಿನ ಅದನ್ನು ಕೇಳಿಸಿಕೊಂಡೂ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಬೈಲಹೊಂಗಲದಲ್ಲಿ ರೊಟ್ಟಿ ಬಡಿದು ಬದುಕುವವಳು ನಾನು. ಮನೆಯ ಹಿಂದೆ ತಗಡಿನ ಮಾಡು ಇಳಿಸಿಕೊಂಡು ನಾಲ್ಕು ಒಲೆ ಹಾಕಿದ್ದೇನೆ. ನನ್ನ ಜೊತೆ ಇನ್ನೂ ಮೂವರು ಹೆಂಗಸರು ಬಡಿಯುತ್ತಿದ್ದರು. ಸವದತ್ತಿಯ ಒಂದು ಖಾನಾವಳಿಗೆ ಬಿಸಿ ರೊಟ್ಟಿ, ರಾಮದುರ್ಗದ ಇನ್ನೊಂದಕ್ಕೆ ಖಡಕ್ ರೊಟ್ಟಿ ಕೊಡುತ್ತಿದ್ದೆವು. ಗಂಡ ಎಲ್ಲಿ ಎಂದು ಕೇಳಬೇಡಿ. ಇದ್ದಾನೆ, ಬೇರೆ ಊರಲ್ಲಿ, ಬೇರೆ ಮನೆಯಲ್ಲಿ. ಅವನ ಸುದ್ದಿ ಇಲ್ಲಿಗೆ ಸಾಕು.

ರೊಟ್ಟಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಬುಟ್ಟಿಗೆ ಬಟ್ಟೆ ಬಿಗಿದು, ಜನರ ಕಾಲ ಸಂದಿಯಲ್ಲಿ ಇಟ್ಟು, ಯಾರೂ ಒದೆಯದಂತೆ ಕೈ ಅಡ್ಡ ಹಿಡಿದುಕೊಂಡು ನಿಲ್ಲಬೇಕು. ಎಷ್ಟು ಕಾದರೂ ಖಡಕ್ ರೊಟ್ಟಿ ಒಡೆಯುತ್ತಿದ್ದವು. ಬಿಸಿ ರೊಟ್ಟಿ ಮುಟ್ಟುವ ಹೊತ್ತಿಗೆ ತಣ್ಣಗಾಗಿರುತ್ತಿದ್ದವು. ಒಂದು ದಿನ ಕಂಡಕ್ಟರ್, "ಅಕ್ಕಾರ, ಇದೇನ್ ಬಸ್ಸೋ, ನಿಮ್ಮ ಅಡಗಿಮನಿಯೋ?" ಅಂದ. "ನನಗೂ ಟಿಕೆಟ್ ತಗೊಂಡೇನಿ, ಬುಟ್ಟಿಗೂ ತಗೊಂಡೇನಿ. ನಿಮ್ಮ ತೊಡಿ ಮ್ಯಾಲೇನೂ ಇಟ್ಟಿಲ್ಲಲ್ಲ," ಅಂದೆ. ಬಸ್ಸೆಲ್ಲ ನಕ್ಕಿತು. ಮರುದಿನದಿಂದ ಅವನು ನನ್ನನ್ನು ಕಂಡರೆ ಬಸ್ಸನ್ನು ಒಂದು ಮಾರು ಮುಂದೆ ನಿಲ್ಲಿಸಲು ಶುರು ಮಾಡಿದ. ನನ್ನ ಬಾಯಿಯ ಪುಣ್ಯ.

ಕೊನೆಗೆ ಸವದತ್ತಿಯ ಖಾನಾವಳಿಯ ಮಾಲೀಕರು ಕಡ್ಡಿ ಮುರಿದಂತೆ ಹೇಳಿದರು. "ನೋಡ್ರಿ ಅಕ್ಕಾರ, ಗುಡ್ಡಕ್ಕ ದೇವರಿಗೆ ಹೋಗೋ ಮಂದಿ ಹನ್ನೊಂದಕ್ಕ ಊಟಕ್ಕ ಕುಂದರ್ತಾರ. ಅಷ್ಟೊತ್ತಿಗೆ ಬಿಸಿ ರೊಟ್ಟಿ ಬಂದ್ರ ನಿಮ್ಮ ಹತ್ರಾನ ತಗೋತೇನಿ. ಇಲ್ಲಂದ್ರ ಇಲ್ಲೇ ಯಾರನ್ನರ ನೋಡ್ಕೋತೇನಿ." ಅವರ ತಪ್ಪೇನೂ ಇರಲಿಲ್ಲ.

ಹಾಗಾಗಿ ಹಳೆಯ ವ್ಯಾನು. ಹೊಸದನ್ನು ನೋಡುವ ಯೋಗ್ಯತೆ ನನಗಿರಲಿಲ್ಲ. ಅವ್ವನ ಕೈಯ ಎರಡು ಬಂಗಾರದ ಪಾಟಲಿ ಮಾರಿದೆ. ಅದರಲ್ಲಿ ಬಂದದ್ದೇ ಬಂಡವಾಳ, ಅದರಾಚೆ ಒಂದು ದಮ್ಮಡಿ ಇರಲಿಲ್ಲ. ಗಾಡಿ ಸರಿಯಾದದ್ದು ಸಿಕ್ಕರೆ ನಾಲ್ಕು ಒಲೆ ಉರಿಯುತ್ತವೆ, ಕೆಟ್ಟದ್ದು ಸಿಕ್ಕರೆ ಇನ್ನೊಂದು ಕೊಳ್ಳುವ ಮಾತಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನ ಮಿಸ್ತ್ರಿ ನನಗೆ ಪರಿಚಯದವನು. "ನಾ ಬರ್ತೇನಿ ಅಕ್ಕಾ, ಒಂದು ಚಾ ಕುಡಸ್ರಿ ಸಾಕು," ಅಂದಿದ್ದ. ನಾನೇ ಬೇಡವೆಂದೆ. ಮನೆಯಲ್ಲಿ ಕಾಕಾ ಇದ್ದರಲ್ಲ.

ಕಾಕಾ ಅಂದರೆ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು, ಈಗ ನನ್ನ ಜೊತೆಗೇ ಇರುವವರು. ಮೂವತ್ತು ವರ್ಷ ಲಾರಿ ಹೊಡೆದವರು. ನಾನು ಸಣ್ಣವಳಿದ್ದಾಗ ಅವರು ಕಟ್ಟೆಯ ಮೇಲೆ ಕೂತು, ಓಣಿಯ ತಿರುವಿನಾಚೆ ಬರುತ್ತಿರುವ ಗಾಡಿ ಯಾರದ್ದು, ಅದಕ್ಕೆ ಏನಾಗಿದೆ ಎಂದು ಬರೀ ಸಪ್ಪಳದ ಮೇಲೆ ಹೇಳುತ್ತಿದ್ದರು. ಟ್ರ್ಯಾಕ್ಟರ್ ಕೊಳ್ಳುವವರು ಮನೆ ಹುಡುಕಿಕೊಂಡು ಬಂದು ಕರೆದೊಯ್ಯುತ್ತಿದ್ದರು. ನನಗೆ ಗಾಡಿ ಹೊಡೆಯಲು ಕಲಿಸಿದ್ದೂ ಅವರೇ. "ಬಣ್ಣ ನೋಡಬ್ಯಾಡ ತಂಗಿ, ಕಿವಿ ಕೊಡು. ಎಂಜಿನ್ ತನ್ನ ಜಡ್ಡು ತಾನ ಹೇಳತೈತಿ," ಎನ್ನುತ್ತಿದ್ದರು. ಇಂಥವರನ್ನು ಮನೆಯಲ್ಲಿ ಕೂರಿಸಿ ಮಿಸ್ತ್ರಿಯನ್ನು ಕರೆದುಕೊಂಡು ಹೋದರೆ ಅವರ ಮುಖಕ್ಕೆ ಹೊಡೆದ ಹಾಗೆ ಅಂದುಕೊಂಡೆ.

ಮೊದಲು ಕಿತ್ತೂರಿಗೆ ಹೋದೆವು. ಹೊಸ ಬಿಳಿ ಬಣ್ಣ ಬಳಿದ ವ್ಯಾನು, ಮದುವೆಗೆ ನಿಂತ ಹಾಗೆ ನಿಂತಿತ್ತು. ಕಾಕಾ ಒಳಗೆ ಹತ್ತಿ ಚಾಪೆ ಎತ್ತಿ ತಳಕ್ಕೆ ಹೆಬ್ಬೆರಳು ಒತ್ತಿದರು. ಬೆರಳು ತುಕ್ಕಿನೊಳಗೆ ಇಳಿಯಿತು. "ಇದರಾಗ ಬುಟ್ಟಿ ಇಟ್ರ ಅರ್ಧ ರೊಟ್ಟಿ ರಸ್ತಾಕ್ಕ ಹೋಗ್ತಾವು," ಎಂದು ಇಳಿದುಬಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಎರಡು ಪ್ಲೇಟು ಮಿರ್ಚಿ ಭಜಿ ತಿನ್ನಿಸಿದೆ.

ಎರಡನೆಯದು ರಾಮದುರ್ಗದ ಕಡೆ ಸಾಲಹಳ್ಳಿಯಲ್ಲಿ. ಗಾಡಿ ಚೆನ್ನಾಗಿತ್ತು, ಆದರೆ ಕಾಗದ ತೀರಿಹೋದ ಅಣ್ಣನ ಹೆಸರಲ್ಲಿತ್ತು, ಅಣ್ಣನ ಮಕ್ಕಳು ಸಹಿ ಹಾಕಲು ಒಪ್ಪುತ್ತಿರಲಿಲ್ಲ. ಅದನ್ನು ಅಲ್ಲೇ ಬಿಟ್ಟೆವು. ಹೊರಡುವಾಗ ಆ ಮನೆಯವರು ಕಾಕಾನ ಬೆನ್ನ ಹಿಂದೆ ನಿಂತು, "ಚಾ ತಗೋತೀರೇನ್ರಿ ಹಿರಿಯರ?" ಎಂದು ಕೇಳಿದರು. ಎರಡು ಸಲ ಕೇಳಿದರು, ಮೂರು ಸಲ ಕೇಳಿದರು. ಕಾಕಾ ದನಗಳನ್ನು ನೋಡುತ್ತಾ ನಿಂತೇ ಇದ್ದರು. ಸೊಕ್ಕಿನ ಮನುಷ್ಯ ಅಂದುಕೊಂಡರೋ ಏನೋ, ಅವರು ಒಳಗೆ ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಗೆ ಕೂತಿದ್ದರು. ನಾನು ಅವರ ಪಕ್ಕದಲ್ಲಿ, ದಿನವೂ ಮಾತಾಡುವ ದನಿಯಲ್ಲೇ, "ಕಾಕಾ, ನಿಮಗ ಕಿವಿ ಕೇಳಸ್ತಾವೋ ಇಲ್ಲೋ?" ಅಂದೆ. ಅವರು ಹೊರಗಿನ ಗೋವಿನಜೋಳದ ಹೊಲ ನೋಡುತ್ತಿದ್ದರು. ತಿರುಗಲಿಲ್ಲ. ಭುಜ ಮುಟ್ಟಿದಾಗ ಗಡಬಡಿಸಿ ನನ್ನ ಮುಖ ನೋಡಿ, "ಏನವಾ?" ಅಂದರು. "ಏನಿಲ್ರಿ," ಅಂದೆ.

ಮನೆಯಲ್ಲಿ ಮುಖಾಮುಖಿ ಕೂತೇ ಮಾತಾಡುತ್ತಿದ್ದೆವು, ಅವರು ನನ್ನ ತುಟಿ ನೋಡಿ ತಿಳಿದುಕೊಳ್ಳುತ್ತಾರೆಂದು ಗೊತ್ತೇ ಇರಲಿಲ್ಲ. ಆವತ್ತಾದರೂ ಬಾಯಿ ಬಿಟ್ಟು ಕೇಳಬೇಕಿತ್ತು. ಕೇಳಲಿಲ್ಲ. ಕಂಡಕ್ಟರನ ಜೊತೆ ಜಗಳ ಆಡುವ ಬಾಯಿ ಮನೆಯವರ ಮುಂದೆ ಕಟ್ಟಿಹೋಗುತ್ತದೆ. ಅವರಾಗಿ ಹೇಳದ್ದನ್ನು ನಾನೇಕೆ ಎತ್ತಿ ಆಡಲಿ ಎಂದುಕೊಂಡೆ. ಮಿಸ್ತ್ರಿಯನ್ನೂ ಕರೆಯಲಿಲ್ಲ. ಕರೆದರೆ ಯಾಕೆ ಕರೆದೆನೆಂದು ಕಾಕಾಗೆ ತಕ್ಷಣ ಹೊಳೆಯುತ್ತಿತ್ತು. ಮುಂದಿನ ವಾರ ಅವರನ್ನೇ ಕರೆದುಕೊಂಡು ನೇಸರಗಿಗೆ ಹೋದೆ.

ಅಲ್ಲಿ ಒಬ್ಬನು ತರಕಾರಿ ಸಾಗಿಸಲು ಇಟ್ಟುಕೊಂಡಿದ್ದ ವ್ಯಾನು ಅದು. ತಳ ಗಟ್ಟಿಯಿತ್ತು, ಕಾಗದ ಸರಿಯಿತ್ತು, ನಮ್ಮ ದುಡ್ಡಿಗೆ ಸರಿಯಾಗಿ ಕೂರುತ್ತಿತ್ತು. ಅವನು ಗಾಡಿ ಚಾಲು ಮಾಡಿದ. ಆ ವ್ಯಾನಿಗೆ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಕಾಕಾ ಸೀಟು ಎತ್ತಿ, ಮೊದಲಿನ ಹಾಗೆಯೇ ತಲೆ ವಾರೆ ಮಾಡಿ ಬಗ್ಗಿದರು, ಎಂಜಿನ್ನಿನ ಮೇಲೆ ಅಂಗೈ ಊರಿದರು.

ಆಗ ನನಗೆ ಕೇಳಿಸಿತು. ಆಳದಲ್ಲಿ, ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ಬೆರಳ ಗೆಣ್ಣಿನಲ್ಲಿ ಬಡಿದ ಹಾಗೆ, ಟಕ್ ಟಕ್. ಅವನು ಎಕ್ಸಲರೇಟರ್ ಒತ್ತಿದ, ಬಡಿತವೂ ಜೋರಾಯಿತು. ಇದನ್ನು ಕಾಕಾನೇ ನನಗೆ ಕಲಿಸಿದ್ದರು: ಒಳಗೆ ಬೇರಿಂಗ್ ಹೋಗಿದೆ, ಇಂಥ ಗಾಡಿಗೆ ಬೆನ್ನು ತೋರಿಸಿ ನಡೆ. ಮಾರುವವನಿಗೂ ಗೊತ್ತಿತ್ತು. ಅವನು ಕಾಕಾನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ.

ಕಾಕಾ ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಮುಖ ಬಿಗಿ ಮಾಡಿಕೊಂಡೆ. ಪರರ ಅಂಗಳದಲ್ಲಿ, ಆ ಕಳ್ಳನ ಎದುರು, ನಿಮಗೆ ಕಿವುಡು ಬಂದಿದೆ ಅಂತ ನನ್ನ ಕಾಕಾಗೆ ನಾನು ಹೇಳಲಾರೆ. ಕಣ್ಣಿನಲ್ಲೂ ಹೇಳಲಾರೆ. ಹಳೆಯ ಗಾಡಿ, ಸಣ್ಣಪುಟ್ಟ ಸಪ್ಪಳ ಇದ್ದದ್ದೇ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳೆಂದು ಗೊತ್ತಿದ್ದೂ ಹೇಳಿಕೊಂಡೆ.

"ಚೊಲೋ ಐತಿ ತಂಗಿ, ತಗೋ," ಅಂದರು ಕಾಕಾ.

"ಹಿರಿಯರ ಕಿವಿ ಅಂದ್ರ ಕಿವಿರಿ," ಅಂದ ಅವನು. ಅವನ ನಾಲಿಗೆ ಸೀಳಬೇಕಿತ್ತು. ಅವ್ವನ ಪಾಟಲಿಯ ದುಡ್ಡು ಎತ್ತಿ ಕೊಟ್ಟು ಬಂದೆ.

ಎರಡು ತಿಂಗಳು ನಡೆಯಿತು. ಸುಳ್ಳು ಹೇಳುವುದಿಲ್ಲ, ಆ ಎರಡು ತಿಂಗಳು ಸುಖವಾಗಿದ್ದೆ. ಹತ್ತೂವರೆಗೆಲ್ಲ ಸವದತ್ತಿ, ಬಟ್ಟೆ ಬಿಚ್ಚಿದರೆ ಹಬೆ ಏಳುತ್ತಿತ್ತು. ಕಾಕಾ ದಿನವೂ ಪಕ್ಕದ ಸೀಟಿನಲ್ಲಿ, ಒಗೆದ ಧೋತರ ಉಟ್ಟು, ದಾರಿಯಲ್ಲಿ ಸಿಕ್ಕವರಿಗೆ ಕೈ ಎತ್ತುತ್ತಾ. ಅವರ ಸೀಟಿನ ಕೆಳಗೇ ಆ ಬಡಿತ ದಿನಕ್ಕಿಷ್ಟು ಬೆಳೆಯುತ್ತಿತ್ತು. ಒಂದು ಸಲ ಅವರು ಸೀಟು ತಟ್ಟಿ, "ಹೂವಿನಂಗ ಹೊಂಟೈತಿ ನೋಡು," ಅಂದರು. ನಾನು ಹೌದೆಂದು ಗೋಣು ಹಾಕಿದೆ.

ರಾಮದುರ್ಗದ ದಾರಿಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಅದು ಹೋಯಿತು. ಕಬ್ಬಿಣ ಸಿಡಿದ ಸದ್ದು, ಹೊಗೆ, ಆಮೇಲೆ ಡಾಂಬರಿನ ಮೇಲೆ ಆಯಿಲ್. ಸೀಟಿನ ಕೆಳಗಿಂದ ಬಿಸಿ ಎಣ್ಣೆ ಹಾರಿ ಕಾಕಾನ ಎಡಗಾಲು ಸುಟ್ಟಿತು. ಅವರು ಕಿರುಚಲಿಲ್ಲ, ಏನಾಯಿತೆಂದು ತಿಳಿಯದೆ ನನ್ನ ಮುಖ ನೋಡಿದರು. ಗಾಡಿಯ ಹಿಂಭಾಗದಲ್ಲಿ ಒಂದು ಮನೆಯ ಸೀಮಂತದ ಊಟಕ್ಕೆಂದು ಒಯ್ಯುತ್ತಿದ್ದ ರೊಟ್ಟಿ ಇದ್ದವು. ಅವು ಅಲ್ಲೇ ಕೂತವು. ಯಾರೋ ಪುಣ್ಯಾತ್ಮರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಸವದತ್ತಿಯ ಒಂದು ಗ್ಯಾರೇಜಿನವರೆಗೆ ಎಳೆದು ತಂದರು.

ಅಲ್ಲಿನ ಮಿಸ್ತ್ರಿ ಒಳಗೆ ಬಗ್ಗಿ ನೋಡಿ, ಕೈ ಒರೆಸಿಕೊಂಡು ಹೇಳಿದ. "ರಾಡ್ ಮುರದು ಎಂಜಿನ್ ಬ್ಲಾಕ್ ಒಡದೈತ್ರಿ. ಗುಜರಿಗೆ ಹಾಕೋದ. ತಗೊಳ್ಳಾಗ ಟಕ್ ಟಕ್ ಅಂತ ಕೇಳಸಲಿಲ್ಲೇನ್ರಿ? ಸಣ್ಣ ಹುಡುಗರಿಗೂ ಗೊತ್ತಾಕ್ಕೈತಿ."

ಕಾಕಾ ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. "ಏನಂತಾನ?" ಅಂತ ನನ್ನನ್ನು ಕೇಳಿದರು.

"ಹಳೇ ಗಾಡಿ, ಅದರ ಆಯುಷ್ಯ ಮುಗದಿತ್ತಂತ."

ಅವರು ನನ್ನನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ, ತಮ್ಮ ದನಿ ಎಷ್ಟಿದೆಯೆಂದು ಅಂದಾಜಿಲ್ಲದವರ ಹಾಗೆ ಮೆಲ್ಲಗೆ ಹೇಳಿದರು. "ಕಿವಿ ಹೋಗಿ ಎರಡು ವರ್ಷ ಆತವಾ. ನಿನಗ ಹ್ಯಾಂಗ ಹೇಳಲಿ, ನಾಚಿಕಿ. ನೇಸರಗ್ಯಾಗ ನನಗ ಏನೂ ಕೇಳಸಲಿಲ್ಲ. ಕೈಗೆ ನಡುಗಿದಂಗ ಆತು, ಖರೇ ಏನಂತ ತಿಳೀಲಿಲ್ಲ. ನಿನ್ನ ಮಾರಿ ನೋಡಿದೆ. ನಾ ಕಲಸಿದ ಹುಡುಗಿ, ಸಪ್ಪಳ ಇದ್ರ ಇಕಿ ಮಾರಿ ಮ್ಯಾಲೆ ಬರತೈತಿ ಅಂದ್ಕೊಂಡೆ. ಏನೂ ಬರಲಿಲ್ಲ. ಅದಕ್ಕ ಚೊಲೋ ಐತಿ ಅಂದೆ."

ನಾನು ಬಗ್ಗಿ ಅವರ ಕಾಲಿನ ಬಟ್ಟೆ ಬಿಚ್ಚಿ ಮತ್ತೆ ಸುತ್ತತೊಡಗಿದೆ.

"ನಿನಗ ಕೇಳಿಸಿತ್ತೇನು?" ಅಂದರು.

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಆವತ್ತು ಮುಖ ಬಿಗಿ ಹಿಡಿಯುವ ಶಕ್ತಿ ನನ್ನಲ್ಲಿರಲಿಲ್ಲ. ಅವರು ಓದಿಕೊಂಡರು. ಓದಿಕೊಂಡು ಕಣ್ಣು ಕೆಳಗೆ ಹಾಕಿದರು.

ವ್ಯಾನು ಗುಜರಿಗೆ ಹೋಯಿತು. ಸವದತ್ತಿಯ ಖಾನಾವಳಿಗೆ ಈಗ ಅಲ್ಲಿಯವರೇ ಯಾರೋ ರೊಟ್ಟಿ ಕೊಡುತ್ತಾರೆ. ಮೂವರು ಹೆಂಗಸರಲ್ಲಿ ಇಬ್ಬರನ್ನು ಬಿಡಿಸಿದೆ, ಎರಡು ಒಲೆ ಆರಿವೆ. ರಾಮದುರ್ಗದ ಬುಟ್ಟಿ ಮತ್ತೆ ಬಸ್ಸಿನಲ್ಲಿ ಹೋಗುತ್ತದೆ, ಅದೇ ಕಂಡಕ್ಟರ್. ಈಗ ಅವನು ಏನಂದರೂ ನಾನು ತಿರುಗಿ ಮಾತಾಡುವುದಿಲ್ಲ.

ಕಾಕಾನ ಕಾಲಿನ ಗಾಯ ಮಾಯಿತು. ಕಟ್ಟೆಯ ಮೇಲೆ ಅವರು ಕೂರುವುದಿಲ್ಲ. ಮಧ್ಯಾಹ್ನ ನಾನು ಎದುರಿಗೆ ಕೂತು ಅವರಿಗೆ ರೊಟ್ಟಿ ಬಡಿಸುತ್ತೇನೆ. "ಇನ್ನೊಂದು ಹಾಕಲೇನ್ರಿ ಕಾಕಾ?" ಎಂದು ಕೇಳುತ್ತೇನೆ. ಅವರು ತಾಟು ನೋಡುತ್ತಾ ಉಣ್ಣುತ್ತಾರೆ. ಆವತ್ತಿನಿಂದ ಅವರು ನನ್ನ ಮುಖ ನೋಡಿಲ್ಲ. ನೋಡದಿದ್ದರೆ ನಾನು ಏನು ಹೇಳಿದರೂ ಅವರಿಗೆ ಕೇಳಿಸುವುದಿಲ್ಲ.