ಅಣ್ಣ ಕಾಯುತ್ತಿದ್ದ ತೆಳ್ಳನೆಯ ಲ್ಯಾಪ್‌ಟಾಪ್

ನನ್ನ ಅಣ್ಣ ಒಂದು ಲ್ಯಾಪ್‌ಟಾಪ್‌ಗಾಗಿ ಒಂದೂವರೆ ವರ್ಷ ಕಾದ. ಅದಿನ್ನೂ ಯಾವ ಅಂಗಡಿಗೂ ಬಂದಿರಲಿಲ್ಲ. ಯಾವಾಗ ಬರುತ್ತದೆ ಎಂದು ಅದನ್ನು ಮಾಡುವ ಕಂಪನಿಯವರೂ ಬಾಯಿಬಿಟ್ಟಿರಲಿಲ್ಲ. ಬರುತ್ತದಂತೆ ಎಂಬ ಸುದ್ದಿ ಮಾತ್ರ ಇತ್ತು. ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು, ಆ ಸುದ್ದಿಯನ್ನು ಅವನು ಫೋನಿನಲ್ಲಿ ಹುಡುಕಿ ಹುಡುಕಿ ನನಗೆ ಓದಿ ಹೇಳುತ್ತಿದ್ದ. ಕಾಯುತ್ತಿದ್ದವನು ಅವನು. ಅದರ ಕಷ್ಟವೆಲ್ಲ ನನ್ನ ಪಾಲಿಗೆ ಬಂತು.

ನಮ್ಮದು ನೇಕಾರರ ಮನೆ. ಮಗ್ಗಗಳು ಅಣ್ಣನವು, ಸೀರೆಯ ದಡಿ, ಅಂದರೆ ಅಂಚು, ಮತ್ತು ಸೆರಗಿನ ಡಿಸೈನ್ ನನ್ನದು. ಅಪ್ಪ ಇದ್ದಾಗ ಗ್ರಾಫ್ ಹಾಳೆಯ ಮೇಲೆ ಕೆಂಪು ಪೆನ್ಸಿಲ್ಲಿನಿಂದ ಒಂದೊಂದೇ ಚೌಕ ತುಂಬುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. "ಒಂದು ಚೌಕ ಅಂದ್ರ ಒಂದು ಎಳಿ. ಇಲ್ಲಿ ತಪ್ಪಿದ್ರ ಸೀರಿ ತುಂಬ ತಪ್ಪತೈತಿ" ಅನ್ನುತ್ತಿದ್ದರು. ಅಣ್ಣನಿಗೆ ಅಷ್ಟು ಹೊತ್ತು ಒಂದೇ ಕಡೆ ಕೂರುವ ತಾಳ್ಮೆ ಇರಲಿಲ್ಲ. ಅಪ್ಪ ಹೋದ ಮೇಲೆ ನಾನು ಜಮಖಂಡಿಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರಿನ ಮೇಲೆ ಅದೇ ಕೆಲಸ ಮಾಡುವುದನ್ನು ಕಲಿತೆ. ಮದುವೆಯಾದದ್ದು ಬನಹಟ್ಟಿಯಲ್ಲಿಯೇ, ತವರಿನಿಂದ ಎರಡು ಓಣಿ ಆಚೆಗೆ. ಗಂಡನಿಗೆ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಅಡುಗೆ ಮುಗಿಸಿ ಹತ್ತಕ್ಕೆಲ್ಲ ತವರಿನ ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಪಗಾರ ಇರಲಿಲ್ಲ, ಹಬ್ಬಕ್ಕೆ ತವರಿನಿಂದ ಒಂದು ಸೀರೆ ಕೊಡುತ್ತಿದ್ದರು. ಅದರ ದಡಿಯನ್ನೂ ನಾನೇ ಬಿಡಿಸಿರುತ್ತಿದ್ದೆ.

ನನ್ನ ಲ್ಯಾಪ್‌ಟಾಪ್ ಹಳೆಯದು, ಇಟ್ಟಿಗೆಯ ಭಾರ. ಅದರ ಎರಡೂ ಬದಿಗೆ ಸೇರಿ ನಾಲ್ಕು ಪೋರ್ಟು, ನಾಲ್ಕೂ ನನಗೆ ಬೇಕು. ಒಂದಕ್ಕೆ ಮೌಸು, ಒಂದಕ್ಕೆ ಸ್ಕ್ಯಾನರು. ಇನ್ನೊಂದಕ್ಕೆ ಸಾಫ್ಟ್‌ವೇರಿನ ಕೀಲಿ. ಬೆರಳುದ್ದದ ಆ ತುಣುಕನ್ನು ಸಿಕ್ಕಿಸದೆ ಇದ್ದರೆ ಡಿಸೈನ್ ತೆರೆಯುವುದೇ ಇಲ್ಲ. ಕೊನೆಯದು ಪೆನ್‌ಡ್ರೈವಿಗೆ. ಡಿಸೈನನ್ನು ಪೆನ್‌ಡ್ರೈವಿಗೆ ಹಾಕಿ, ಮಗ್ಗದ ಮೇಲೆ ಎಳೆಗಳನ್ನು ಎತ್ತಿ ಇಳಿಸುವ ಜಕಾರ್ಡಿನ ಡಬ್ಬಿಗೆ ಚುಚ್ಚಿದರೆ ಮಗ್ಗ ಅದನ್ನು ನೇಯುತ್ತದೆ. ಆ ಕೊನೆಯ ಪೋರ್ಟೇ ಸಡಿಲವಾಗಿತ್ತು. ಫೈಲು ಹೋಗುವ ತನಕ ಪೆನ್‌ಡ್ರೈವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು. ಪರದೆಯ ನಡುವೆ ಒಂದು ಹಸಿರು ಗೆರೆಯೂ ಬಿದ್ದಿತ್ತು.

"ಅಣ್ಣಾ, ಇದನ್ನ ಬದಲಿ ಮಾಡೋಣು. ಇನ್ನ ಇದು ತಡ್ಯಾಂಗಿಲ್ಲ" ಅಂದೆ.

"ತಾಳ ಬೇ. ಹೊಸಾದು ಬರಾಕತ್ತೈತಿ. ಖಡಕ್ ರೊಟ್ಟಿಯಷ್ಟ ತೆಳ್ಳಗ ಐತಂತ. ಈಗ ಹಳೀ ಮಾಡೆಲ್ ತಗೊಂಡು ಏನ್ ಮಾಡ್ತಿ?" ಎಂದು ಫೋನು ನನ್ನ ಮುಂದೆ ಹಿಡಿದ. ಅದರಲ್ಲೊಂದು ಮಸುಕು ಫೋಟೋ. ಯಾರೋ ಕದ್ದು ತೆಗೆದದ್ದಂತೆ, ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲವಂತೆ.

ಸಂತೆಗೆ ಹೋಗುವ ದಾರಿಯ ಚಹಾದಂಗಡಿಯಲ್ಲಿಯೂ ಅವನದು ಅದೇ ಮಾತು. ಅಲ್ಲಿಗೆ ಮದುವೆ ಫೋಟೋ ತೆಗೆಯುವವನೊಬ್ಬ ಬರುತ್ತಿದ್ದ, ಕಂಪ್ಯೂಟರ್ ಚೆನ್ನಾಗಿ ತಿಳಿದವನು. ಒಂದು ದಿನ ನಾನು ಅಣ್ಣನನ್ನು ಕರೆಯಲು ಹೋದಾಗ ಇಬ್ಬರಿಗೂ ವಾದ ಬಿದ್ದಿತ್ತು.

"ಬರೇ ಒಂದ ಪೋರ್ಟ್ ಇರತೈತಿ ಅಂತಾರ" ಅಂದ ಅಣ್ಣ, ಅದೇ ದೊಡ್ಡಸ್ತಿಕೆ ಅನ್ನುವಂತೆ.

"ಒಂದ ಇದ್ರ ಚಾರ್ಜಿಗೆ ಹಚ್ಚೂದೋ, ಕೆಲಸಾ ಮಾಡೂದೋ ಸಾವಕಾರ್ರ?"

"ಎರಡ ಇರಬಹುದು ಅಂತಾನೂ ಬಂದೈತಿ."

"ಎರಡಿದ್ರೂ ಸಣ್ಣ ತೂತಿನವು ಇರತಾವ್ರಿ. ನಿಮ್ಮ ಪೆನ್‌ಡ್ರೈವ್ ಅದರಾಗ ಹೋಗಾಂಗಿಲ್ಲ."

ಅಣ್ಣ ನಕ್ಕುಬಿಟ್ಟ. "ಮುಂದ ಪೆನ್‌ಡ್ರೈವ ಇರಾಂಗಿಲ್ಲೋ ಮಾರಾಯಾ, ಎಲ್ಲಾ ಗಾಳಿಯೊಳಗ ಹೋಗತಾವ."

ನಮ್ಮ ಮಗ್ಗಕ್ಕೆ ಗಾಳಿಯೊಳಗೆ ಏನೂ ಹೋಗುವುದಿಲ್ಲ ಎಂದು ನಾನು ಅಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಒಂದು ತಿಂಗಳು ದೀಪಾವಳಿಗೆ ಬರುತ್ತದೆ ಅಂದ, ಆಮೇಲೆ ಯುಗಾದಿಗೆ ಅಂದ, ಮುಂದೆ ತಿಂಗಳು ಹೇಳುವುದನ್ನೂ ಬಿಟ್ಟ. ಕಾಯುವುದೇ ಅವನಿಗೆ ಒಂದು ಉದ್ಯೋಗವಾಗಿತ್ತು. ಜನ ಬಂದು "ಬಂತೇನ್ರಿ ಹೊಸಾದು?" ಎಂದು ಕೇಳುತ್ತಿದ್ದರು, ಅವನು ಗತ್ತಿನಿಂದ ಉತ್ತರ ಕೊಡುತ್ತಿದ್ದ.

ಆ ಬೇಸಿಗೆಯಲ್ಲಿ ನನ್ನ ಹೆಬ್ಬೆರಳು ಒಮ್ಮೆ ಜಾರಿತು. ಫೈಲು ಪೂರ್ತಿ ಹೋಗದೆ ನಿಂತಿದೆ ಎಂದು ನನಗೆ ಗೊತ್ತಾಗಲಿಲ್ಲ, ಪರದೆ ಎಲ್ಲ ಸರಿಯಿದೆ ಎಂದೇ ತೋರಿಸಿತು. ಮಗ್ಗ ನಡೆಯಿತು. ಮಾವಿನಕಾಯಿಯ ದಡಿಯಲ್ಲಿ ಪ್ರತಿ ಕಾಯಿಯ ತುದಿಯೂ ಮೊಂಡಾಗಿ ಬಂತು. ನೇಕಾರ ಗುರುತಿಸುವ ಹೊತ್ತಿಗೆ ಎಂಟು ಸೀರೆ ಮುಗಿದಿದ್ದವು.

ಅಣ್ಣ ಎಲ್ಲ ಮಗ್ಗ ನಿಲ್ಲಿಸಿದ. ಆ ಗದ್ದಲ ನಿಂತ ಶೆಡ್ಡಿನಲ್ಲಿ, ಎಲ್ಲ ನೇಕಾರರ ಎದುರಿಗೆ, "ಕಣ್ಣು ಎಲ್ಲಿ ಇಟ್ಟಿದ್ದಿ? ಮನೀ ಕೆಲಸದ ಗ್ಯಾನದಾಗ ಇಲ್ಲಿ ಬಂದು ಕುಂದರತಿ" ಅಂದ.

"ಪೋರ್ಟ್ ಸಡ್ಲಾಗೈತಿ ಅಂತ ವರ್ಷಾತು ಹೇಳಾಕತ್ತು" ಅಂದೆ.

"ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ."

ಯಾರೂ ತಲೆ ಎತ್ತಲಿಲ್ಲ. ನನಗೆ ಇಪ್ಪತ್ತು ವರ್ಷದಿಂದ ಗೊತ್ತಿದ್ದ ಜನ. ಆ ಮೊಂಡು ಮಾವಿನಕಾಯಿಯ ಸೀರೆಗಳನ್ನು ಮಡಿಚಿ ಒಳಗಿಟ್ಟು, ಮರುದಿನ ಮತ್ತೆ ಹತ್ತಕ್ಕೆ ಹೋಗಿ ಕೂತೆ. ಯಾಕೆ ಹೋದೆ ಎಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊನೆಗೂ ಆ ಲ್ಯಾಪ್‌ಟಾಪ್ ಬಂತು. ಅಣ್ಣ ಹುಬ್ಬಳ್ಳಿಗೆ ಹೋಗಿ ತಂದ. ಅತ್ತಿಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದಳು. ನಿಜಕ್ಕೂ ತೆಳ್ಳಗಿತ್ತು, ಚೆಂದವೂ ಇತ್ತು. ಎರಡೇ ಪೋರ್ಟು, ಎರಡೂ ಒಂದೇ ಬದಿಗೆ, ಎರಡೂ ಸಣ್ಣವು. ಫೋಟೋದವನು ಹೇಳಿದ್ದೇ ಖರೆಯಾಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ನಮ್ಮ ಡಿಸೈನ್ ಸಾಫ್ಟ್‌ವೇರು ಆ ಜಾತಿಯ ಕಂಪ್ಯೂಟರಿಗೆ ಬರುವುದೇ ಇಲ್ಲ. ಒಂದು ಸಲ ಅಂಗಡಿಯವನನ್ನು ಕೇಳಿದ್ದರೆ ತಿಳಿಯುತ್ತಿತ್ತು.

"ಇರ್ಲಿ, ಇದು ನನ್ನ ಕಡೇನ ಇರ್ತೈತಿ. ನೀ ಅದರಾಗ ನಡಸು" ಅಂದ.

ಹಸಿರು ಗೆರೆಯ ಹಳೆಯ ಯಂತ್ರ ನನಗೇ ಉಳಿಯಿತು. ಹೊಸದು ಅವನ ಗಾದಿಯ ಮೇಲೆ ಕೂತಿತು. ಬಂದವರಿಗೆ ಅದನ್ನು ಒಂದೇ ಬೆರಳಿನಿಂದ ತೆರೆದು ತೋರಿಸುತ್ತಿದ್ದ. ನಾನು ಬಿಡಿಸಿದ ಡಿಸೈನುಗಳ ಫೋಟೋಗಳನ್ನು ಫೋನಿನಿಂದ ಅದಕ್ಕೆ ಹಾಕಿಕೊಂಡಿದ್ದ.

ಒಂದು ದಿನ ಸೊಲ್ಲಾಪುರದಿಂದ ಸೀರೆ ವ್ಯಾಪಾರಿಯೊಬ್ಬರು ಬಂದರು, ವಯಸ್ಸಾದವರು. ನಾನು ಒಳಗೆ ನನ್ನ ಟೇಬಲ್ಲಿನ ಹತ್ತಿರ ಇದ್ದೆ. ಅವರು ನವಿಲಿನ ದಡಿ ನೋಡಿ ಬಹಳ ಮೆಚ್ಚಿದರು. "ಯಾರು ಬಿಡಿಸ್ಯಾರ್ರೀ ಇದನ್ನ?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಾವ ರೀ. ಇದರಾಗ ಮಾಡೂದು" ಅಂದ ಅಣ್ಣ.

"ನವಿಲಿನ ಕುತಗಿ ಸ್ವಲ್ಪ ಬಗ್ಗಿಸಿ ತೋರಸ್ರಿ ನೋಡೋಣು."

ಅಣ್ಣನಿಗೆ ಅದು ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಅಲ್ಲಿದ್ದದ್ದು ಬರೀ ಫೋಟೋ. ನನ್ನನ್ನು ಕೂಗಿದ. ನಾನು ಹೋಗಿ ನಿಂತೆ. "ಈಕಿ ನನ್ನ ತಂಗೀರಿ. ಟೈಪಿಂಗ್ ಗೀಪಿಂಗ್ ನೋಡಕೋತಾಳ" ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿ "ಲಗೂನ ಬಗ್ಗಿಸಿಕೊಂಡು ಬಾ" ಅಂದ.

ನಾನು ಒಳಗೆ ಹೋಗಲಿಲ್ಲ. ವ್ಯಾಪಾರಿಯ ಮುಖ ನೋಡಿ, "ಈ ನವಿಲು ನಾ ಬಿಡಿಸಿದ್ದು ರೀ. ಅಪ್ಪನ ಹಾಳಿ ಮ್ಯಾಲಿಂದ ಎತ್ತಿಕೊಂಡು ನಾಕ್ ತಿಂಗಳು ತಿದ್ದೇನಿ. ಈ ಮಷಿನ್ನಿನಾಗ ಒಂದು ಎಳೀನೂ ಬಿಡಸಾಕ ಬರೂದಿಲ್ಲ" ಅಂದೆ. ಆ ಹಿರಿಯರು ಚಹಾದ ಕಪ್ಪು ಕೆಳಗಿಟ್ಟರು. ನಾನು ಸಾಫ್ಟ್‌ವೇರಿನ ಕೀಲಿ ಕಿತ್ತು ಅಣ್ಣನ ಮುಂದಿಟ್ಟು, ಅಪ್ಪನ ಗ್ರಾಫ್ ಹಾಳೆಗಳ ಕಟ್ಟು ಎತ್ತಿಕೊಂಡು ಮನೆಗೆ ಬಂದೆ.

ಸಂಜೆಗೆ ಅವ್ವ ಬಂದಳು. "ಮಂದೀ ಮುಂದ ಅಣ್ಣನ ಮಾನಾ ತಗದಿ" ಅಂದಳು.

"ಮಂದೀ ಮುಂದ ಅಂವಾ ನಂದು ತಗದಾಗ ನೀ ಎಲ್ಲಿದ್ದಿ ಯವ್ವಾ?"

ಅವ್ವ ನೀರು ಕುಡಿದು ಎದ್ದು ಹೋದಳು. ಅಣ್ಣ ಈಗ ಇಚಲಕರಂಜಿಯಿಂದ ತಯಾರಿ ಡಿಸೈನುಗಳನ್ನು ತರಿಸಿಕೊಳ್ಳುತ್ತಾನೆ. ನನ್ನ ಹಳೆಯ ದಡಿಗಳನ್ನೂ ನೇಯಿಸುತ್ತಲೇ ಇದ್ದಾನೆ, ಫೈಲುಗಳು ಅಲ್ಲಿಯೇ ಉಳಿದಿವೆ. ನಾನು ರಬಕವಿಯ ಡಿಸೈನ್ ಸೆಂಟರಿನಲ್ಲಿ ಕೂರುತ್ತೇನೆ. ಅಲ್ಲಿ ಕೆಲಸಕ್ಕೆ ಪಗಾರ ಇದೆ, ಯಾರೂ ನನ್ನ ಅಣ್ಣನಲ್ಲ. ಮದುವೆ ಮುಂಜಿಯಲ್ಲಿ ಸಿಕ್ಕರೆ ಅವನು "ಅರಾಮ?" ಎನ್ನುತ್ತಾನೆ, ನಾನು "ಹೂಂ" ಎನ್ನುತ್ತೇನೆ. ಕ್ಷಮಿಸಿಲ್ಲ. ಅವನು ಕೇಳಿಯೂ ಇಲ್ಲ.

ಮೊನ್ನೆ ಮುಧೋಳದ ಬಸ್ ನಿಲ್ದಾಣದಲ್ಲಿ ಚಿಮ್ಮಡದ ಹೆಂಗಸೊಬ್ಬಳು ನನ್ನ ಪಕ್ಕ ಕೂತಳು. ಉಟ್ಟ ಸೀರೆಯ ದಡಿಯ ತುಂಬ ನನ್ನ ನವಿಲು. ತಡೆಯಲಾಗದೆ, "ಈ ದಡಿ ನಾ ಬಿಡಿಸಿದ್ದು" ಎಂದುಬಿಟ್ಟೆ. ಆಕೆ ಸೆರಗನ್ನೊಮ್ಮೆ ನೋಡಿಕೊಂಡು ನನ್ನನ್ನು ನೋಡಿ ನಕ್ಕಳು.

"ಏ ಬಿಡ್ರೀ ಅಕ್ಕಾರ, ಈಗ ಇದನ್ನೆಲ್ಲಾ ಕಂಪ್ಯೂಟರ ಮಾಡತೈತಂತ" ಅಂದಳು.

ಆಕೆಯ ಬಸ್ಸು ಬಂತು. ಆಕೆ ಚೀಲ ಎತ್ತಿಕೊಂಡು ಹತ್ತಿದಳು.