ಚಂದ್ರಾವತಿಯ ಕೈ, ದೀಕ್ಷಿತಾಳ ಹಾಡು

ದೀಕ್ಷಿತಾ ಸ್ವಾರ್ಥಿ. ಹಾಡುಗಾರ್ತಿಯಾಗಿ ಅವಳು ಹೇಗೆ ಎಂಬುದನ್ನು ತಿಳಿದವರು ಹೇಳಲಿ. ಮನುಷ್ಯಳಾಗಿ ಅವಳು ಎದುರಿಗೆ ಸಿಕ್ಕಿದ್ದನ್ನೆಲ್ಲ ತನ್ನ ಹಾಡಿಗೆ ಸೌದೆ ಮಾಡಿಕೊಳ್ಳುವವಳು, ಹೆತ್ತ ತಾಯಿಯನ್ನೂ ಬಿಟ್ಟವಳಲ್ಲ. ಮೂರು ವರ್ಷ ಅವಳಿಗೆ ರಸಾಯನಶಾಸ್ತ್ರ ಕಲಿಸಿದವಳು ನಾನು. ಅವಳ ತಾಯಿ ಚಂದ್ರಾವತಿಗೆ ಇಪ್ಪತ್ತು ವರ್ಷಗಳಿಂದ ಪಕ್ಕದ ಮನೆಯವಳು. ಈ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ನಮ್ಮದು ಕುಂದಾಪುರದ ಹತ್ತಿರದ ಹಟ್ಟಿಯಂಗಡಿ. ಚಂದ್ರಾವತಿಯ ಗಂಡ ಲೀಲಾಧರ ಮುಂಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ, ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ. ದೀಕ್ಷಿತಾ ಮತ್ತು ಅವಳ ತಂಗಿ ಸುರಕ್ಷಾ ಬೆಳೆದದ್ದು ತಾಯಿಯ ದುಡಿಮೆಯಲ್ಲಿ. ತಾಯಿ ದುಡಿದದ್ದು ಗೇರುಬೀಜದ ಕಾರ್ಖಾನೆಯಲ್ಲಿ. ಬೇಯಿಸಿದ ಬೀಜವನ್ನು ಯಂತ್ರದ ಕತ್ತಿಯ ನಡುವೆ ಇಟ್ಟು, ಕಾಲಿನಿಂದ ಮೆಟ್ಟಿ, ಚಿಪ್ಪು ಸೀಳಿ, ತಿರುಳು ಬಿಡಿಸುವ ಕೆಲಸ. ಚಿಪ್ಪಿನಲ್ಲಿ ಒಂದು ಸೊನೆ ಇದೆ. ಅದು ಚರ್ಮವನ್ನು ಸುಡುತ್ತದೆ, ಸುಟ್ಟ ಜಾಗ ಕಪ್ಪಾಗುತ್ತದೆ. ಆ ಕಪ್ಪು ಸಾಬೂನಿಗೆ ಹೋಗುವಂಥದ್ದಲ್ಲ, ಚರ್ಮವೇ ಸುಲಿದು ಹೊಸದು ಬರಬೇಕು. ಹೊಸದು ಬರುವ ಮೊದಲೇ ಮರುದಿನದ ಬೀಜ ಬಂದಿರುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು ಕೂರುವುದೊಂದೇ ಆ ಹೆಂಗಸರು ಕಂಡುಕೊಂಡ ಉಪಾಯ. ಕೈಗವಸು ಕೊಡಿ ಎಂದು ಕಾರ್ಖಾನೆಗೆ ನಾನು ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ.

ಚಂದ್ರಾವತಿ ಮದುವೆಮನೆಗಳಲ್ಲಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ನಿಲ್ಲುತ್ತಿದ್ದಳು. ಊಟಕ್ಕೆ ಕೊನೆಯ ಪಂಕ್ತಿ ಹಿಡಿಯುತ್ತಿದ್ದಳು. ಕೈ ಮರೆಸುವುದು ಅವಳಿಗೆ ಸೀರೆ ಉಡುವಷ್ಟೇ ಅಭ್ಯಾಸವಾಗಿತ್ತು.

ದೀಕ್ಷಿತಾ ಡಿಗ್ರಿ ಮುಗಿಸಿದಳು, ಒಳ್ಳೆಯ ಅಂಕವೇ ಬಂತು. ಮುಂದೆ ಓದು ಎಂದೆ. ಅವಳು ಗಿಟಾರ್ ಹಿಡಿದುಕೊಂಡು ಗಂಗೊಳ್ಳಿಗೆ ಹೋದಳು. ಅಲ್ಲಿ ಅವಳ ಸಹಪಾಠಿ ಮಿಥುನನ ಮನೆಯವರದ್ದು ಒಂದು ಮುಚ್ಚಿದ ಐಸ್ ಪ್ಲಾಂಟ್ ಇತ್ತು. ತಂಪು ಹೊರಗೆ ಹೋಗದಂತೆ ಕಟ್ಟಿದ ಗೋಡೆ ಸದ್ದನ್ನೂ ಹೊರಗೆ ಬಿಡುವುದಿಲ್ಲ ಎಂದು ಇವರು ಕಂಡುಕೊಂಡರು. ಮಿಥುನ್ ಡ್ರಮ್ಸ್, ಅಜಿತ್ ಎಂಬವನು ಬೇಸ್, ಇವಳು ಹಾಡು ಬರೆದು ಹಾಡುವುದು. ಬ್ಯಾಂಡಿನ ಹೆಸರು ‘ಚಿಪ್ಪು’. ಇದನ್ನು ಆಲ್ಟರ್ನೇಟಿವ್ ರಾಕ್ ಎನ್ನುತ್ತಾರಂತೆ. ನಾನು ಒಮ್ಮೆ ಕೇಳಿದೆ. ಕುಂದಾಪುರದ ಮಾತಿನಲ್ಲಿ, ಗಂಟಲು ಹರಿಯುವಂತೆ, ಸಿಟ್ಟಿನಿಂದ ಹಾಡುತ್ತಾಳೆ. ಸಿಟ್ಟು ಸುಳ್ಳಲ್ಲ, ಅಷ್ಟನ್ನು ಒಪ್ಪುತ್ತೇನೆ.

ಐದು ವರ್ಷದಲ್ಲಿ ಮಣಿಪಾಲ, ಬೆಂಗಳೂರು, ಪುಣೆ ಎಲ್ಲ ಆಯಿತು. ಮೊದಲ ಆಲ್ಬಮ್ಮಿನ ಹೆಸರು ‘ಕೈ’. ಅದೇ ಹೆಸರಿನ ಹಾಡಿನ ಸಾಲು ಹೀಗಿದೆ: “ಅಬ್ಬಿ ಕೈ ಕಪ್ಪ್, ಊರಿನ್ ಬೀಜ ಬೆಳಿ.” ಬೆಳಿ ಎಂದರೆ ಬಿಳಿ. ಮನೆಯಲ್ಲಿ ತಾಯಿಯನ್ನು ಅಮ್ಮ ಎಂದು ಕರೆಯುವವಳು ಹಾಡಿನಲ್ಲಿ ಮಾತ್ರ ಅಬ್ಬಿ ಎಂದಳು, ಪೇಟೆಯಲ್ಲಿ ಹಳೆಯ ಮಾತಿಗೆ ಗಿರಾಕಿ ಜಾಸ್ತಿ.

ಅದನ್ನಾದರೂ ಸಹಿಸಬಹುದಿತ್ತು. ಆಲ್ಬಮ್ಮಿನ ಮುಖಪುಟಕ್ಕೆ ಅವಳು ತಾಯಿಯ ಕೈಗಳ ಫೋಟೊ ಹಾಕಿದಳು. ರಜೆಯ ದಿನ ಮಧ್ಯಾಹ್ನ ಚಂದ್ರಾವತಿ ಚಾಪೆಯ ಮೇಲೆ ಮಲಗಿ ನಿದ್ದೆಹೋಗಿದ್ದಾಗ, ಅಂಗೈ ಮೇಲಾಗಿದ್ದಾಗ ತೆಗೆದದ್ದು. ಬಿರುಕುಬಿಟ್ಟ ಕಪ್ಪು ಬೆರಳು, ಸವೆದ ಉಗುರು. ಆ ಕೈಗಳು ಪೋಸ್ಟರಿಗೆ ಹೋದವು, ಪೋಸ್ಟರಿನಿಂದ ಟೀಶರ್ಟಿಗೆ ಬಂದವು. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಹುಡುಗರು ಚಂದ್ರಾವತಿಯ ಕೈಗಳನ್ನು ಎದೆಯ ಮೇಲೆ ಹೊತ್ತುಕೊಂಡು ಚುರುಮುರಿ ತಿನ್ನುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅವರಲ್ಲಿ ಒಬ್ಬನಾದರೂ ಕಾರ್ಖಾನೆಯ ಬಾಗಿಲಿಗೆ ಹೋಗಿ ಏನಾದರೂ ಕೇಳಿದನೆಂದು ನಾನು ಕೇಳಿಲ್ಲ.

ಕಾರ್ಖಾನೆಯಲ್ಲಿ ಪಕ್ಕದ ಯಂತ್ರದ ಗುಲಾಬಿ ದಿನಾ ಬೆಳಿಗ್ಗೆ ಶುರುಮಾಡುತ್ತಿದ್ದಳು. “ಹ್ವಾಯ್, ಚಂದ್ರಕ್ಕ ಬಂದ್ರ್, ದಾರಿ ಬಿಡಿ. ಇವ್ರ್ ಕೈ ಬೆಂಗ್ಳೂರ್ ಕಂಡ್ಕಂಡ್ ಬಂತ್. ನಮ್ ಕೈ ಇನ್ನೂ ಕುಂದಾಪ್ರ ದಾಟ್ಲಿಲ್ಲೆ.”

ಎಲ್ಲರೂ ನಗುತ್ತಿದ್ದರು. ಗುಲಾಬಿ ಕೆಟ್ಟವಳಲ್ಲ, ಅವಳ ಕೈಯೂ ಹಾಗೇ ಇದೆ. ಪತ್ರಿಕೆಯವರು ಕಾರ್ಖಾನೆ ನೋಡಲು ಬಂದ ದಿನ ಮಾಲೀಕರು ಎಲ್ಲರಿಗೂ ಹೊಸ ಕೈಗವಸು ಹಂಚಿದರು, ಫೋಟೊ ಆಯಿತು, ಸಂಜೆ ಕೈಗವಸುಗಳನ್ನು ವಾಪಸು ಪಡೆದರು. ಆ ಹಾಡಿನಿಂದ ಆದ ಸುಧಾರಣೆ ಇಷ್ಟೇ.

ದೀಕ್ಷಿತಾ ಊರಿಗೆ ಬಂದಾಗ ಕರೆಸಿದೆ.

“ಫೋಟೊ ತೆಗೆಯುವಾಗ ಕೇಳಿದ್ದೆಯಾ?”

“ಕೇಂಡ್ರೆ ಬ್ಯಾಡ ಅಂತಿದ್ರ್, ಮೇಡಂ.”

“ಅದಕ್ಕೇ ಕೇಳಬೇಕಿತ್ತು.”

“ಅಮ್ಮ ಹುಗ್ಸಿಡುದ್ ಎಂತಕ್ಕೆ? ನಾಚ್ಕಿ ಆಯ್ಕಾದ್ದ್ ಫ್ಯಾಕ್ಟರಿಯರಿಗೆ. ನಮ್ಗಲ್ಲ.”

“ನಿನ್ನ ಕೈ ತೋರಿಸು.”

ತೋರಿಸಿದಳು. ಎಡಗೈಯ ಬೆರಳ ತುದಿ ತಂತಿ ಒತ್ತಿ ಗಟ್ಟಿಯಾಗಿತ್ತು. ಉಳಿದದ್ದು ಹೂವಿನಂತೆ ಇತ್ತು.

“ಇದನ್ನು ಹಾಕಿಕೊಳ್ಳಬೇಕಿತ್ತು ಪೋಸ್ಟರಿಗೆ,” ಎಂದೆ. ಅವಳು ಎದ್ದು ಹೋದಳು. ಕ್ಷಮೆ ಕೇಳುವ ಅಭ್ಯಾಸ ಅವಳಿಗೆ ಕಾಲೇಜಿನಲ್ಲೂ ಇರಲಿಲ್ಲ.

ಹೋದ ವರ್ಷದ ಕೊನೆಗೆ ಸುರಕ್ಷಾಳ ಮದುವೆ ನಿಶ್ಚಯವಾಯಿತು. ಹುಡುಗ ಸಾಲಿಗ್ರಾಮದ ರಂಜನ್. ಲಗ್ನಪತ್ರಿಕೆ ಕೊಡಲು ಬಂದ ಚಂದ್ರಾವತಿ ಬೇಲಿಯ ಹತ್ತಿರವೇ ನಿಂತು ಹೇಳಿದಳು. “ಟೀಚರೆ, ಧಾರಿ ನಾನ್ ಎರಿತಿಲ್ಲೆ. ನಮ್ ಅಣ್ಣಯ್ಯ, ಅವ್ನ್ ಹೆಂಡ್ತಿ ಇಬ್ರೂ ಎರಿಲಿ. ನಾನ್ ಹಿಂದ್ ನಿಂತ್ಕಂತೆ.”

ಅಣ್ಣಯ್ಯ ಎಂಬುದು ಅವಳ ತಮ್ಮನ ಹೆಸರು. ಧಾರೆಯೆಂದರೆ ವಧೂವರರ ಕೂಡಿದ ಕೈಗಳ ಮೇಲೆ ಹೆಣ್ಣಿನ ತಂದೆತಾಯಿ ಗಿಂಡಿಯಿಂದ ನೀರು ಬಿಡುವುದು. ಸಭೆಯ ಕಣ್ಣೆಲ್ಲ ಆ ಕೈಗಳ ಮೇಲೆಯೇ ಇರುತ್ತದೆ. ಮಗಳನ್ನು ಕೊಡುವುದು ಆ ನೀರಿನಿಂದ. ಇಪ್ಪತ್ತನಾಲ್ಕು ವರ್ಷ ಸಾಕಿದವಳು ಹಿಂದೆ ನಿಲ್ಲುತ್ತಾಳಂತೆ.

“ಯಾಕೆ? ನಿನ್ನ ಕೈ ಮೊದಲೂ ಹೀಗೇ ಇತ್ತಲ್ಲ.”

“ಮುಂಚಿ ಆರೆ ಬರೀ ಕಪ್ಪ್ ಕೈ. ಈಗ ಎಲ್ರೂ ‘ಇದೇ ಆ ಕೈ ಕಾಣಿ’ ಅಂತ್ರ್, ಮೊಬೈಲ್ ತೆಗಿತ್ರ್. ಮದಿ ಹೆಣ್ಣಿನ್ ಮುಖ ಯಾರ್ ಕಾಂತ್ರ್?”

ಅಂದು ದೀಕ್ಷಿತಾ ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಫೋನಿನಲ್ಲಿ ಈ ಮಾತನ್ನು ಅಕ್ಷರ ಬಿಡದೆ ಅವಳಿಗೆ ಹೇಳಿದೆ. “ಗೊತ್ತಾಯ್ತ್ ಮೇಡಂ,” ಎಂದು ಇಟ್ಟುಬಿಟ್ಟಳು.

ಮದುವೆಗೆ ಹದಿನೆಂಟು ದಿನ ಇರುವಾಗ ಬ್ರಹ್ಮಾವರದಲ್ಲಿ ಅವಳ ದೊಡ್ಡ ಕಾರ್ಯಕ್ರಮವಿತ್ತು. ಅದನ್ನು ರದ್ದು ಮಾಡಿದಳು. ಕಾರಣ ಹೇಳಲಿಲ್ಲ. ಆಯೋಜಕ ಅಕ್ಷಯ್ ಚಂದ್ರಾವತಿಯ ಅಂಗಳಕ್ಕೇ ಬಂದ. “ನಿಮ್ ಮಗ್ಳ್ ಫೋನ್ ತೆಗಿತಿಲ್ಲೆ ಅಮ್ಮ. ಜ್ವರವಾ, ಸಿಟ್ಟಾ, ಎಂತ ಅಂದೇಳಿ ಜನರಿಗೆ ಹೇಳುದ್? ಸ್ಟೇಜ್ ಕಟ್ಟಿ ಆಯ್ತ್.”

“ನಂಗೂ ಗೊತ್ತಿಲ್ಲೆ ಮಗಾ,” ಎಂದಳು ಚಂದ್ರಾವತಿ. “ಬೈಂದೂರಂಗೆ ಕೆಲ್ಸ ಇತ್ತ್ ಅಂದ್ಲ್. ಮದಿ ದಿನವೇ ಬತ್ತೆ ಅಂದ್ಲ್.”

ತಂಗಿಯ ಮದುವೆಯ ಕೆಲಸಕ್ಕೂ ಇಲ್ಲ, ಒಪ್ಪಿಕೊಂಡ ಕಾರ್ಯಕ್ರಮಕ್ಕೂ ಇಲ್ಲ. ಒಂದು ಪತ್ರಿಕೆ ಅಹಂಕಾರ ಎಂದು ಬರೆಯಿತು. ಸರಿಯಾಗಿಯೇ ಬರೆದಿದೆ ಅಂದುಕೊಂಡೆ.

ಮದುವೆಯ ದಿನ ಸಭಾಭವನಕ್ಕೆ ಅವಳು ಬಂದದ್ದು ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಇದು ಹಾಡುಗಾರರ ಹೊಸ ವೇಷವಿರಬೇಕೆಂದು ಯಾರೋ ಹೇಳಿದರು, ನಾನೂ ನಂಬಿದೆ.

ಪುರೋಹಿತರು ಹೆಣ್ಣಿನ ತಂದೆತಾಯಿಯನ್ನು ಕರೆದರು. ಲೀಲಾಧರ ಮುಂದೆ ಬಂದ. ಚಂದ್ರಾವತಿ ಕಂಬದ ಹತ್ತಿರ ಸೆರಗಿನೊಳಗೆ ಕೈಯಿಟ್ಟು ನಿಂತಿದ್ದಳು. ಅಣ್ಣಯ್ಯ ಹೆಂಡತಿಗೆ ಸನ್ನೆ ಮಾಡಿದ. ಆಗ ದೀಕ್ಷಿತಾ ತಾಯಿಯ ಎದುರಿಗೆ ಹೋಗಿ ಕೈಯ ಬಟ್ಟೆ ಬಿಚ್ಚಿದಳು.

ಎರಡೂ ಕೈ ಕಪ್ಪು. ಬೆರಳ ಸಂದಿಯಲ್ಲಿ ಗುಳ್ಳೆ ಒಡೆದು ಚರ್ಮ ಎದ್ದಿತ್ತು. ಎಡಗೈಯ ಬೆರಳ ತುದಿಗಳು ಹಸಿಯಾಗಿದ್ದವು, ಒಂದು ತಿಂಗಳು ತಂತಿ ಮುಟ್ಟುವ ಸ್ಥಿತಿಯಲ್ಲಿ ಇರಲಿಲ್ಲ. ಅದು ಬಣ್ಣವಲ್ಲ. ಆ ಕಪ್ಪು ಬರಬೇಕಾದರೆ ಹತ್ತು ಹದಿನೈದು ದಿನ ಬರಿಗೈಯಲ್ಲಿ ಚಿಪ್ಪು ಸೀಳಬೇಕೆಂದು ನನಗೆ ಗೊತ್ತು. ಬೈಂದೂರಿನಲ್ಲೂ ಗೇರುಬೀಜದ ಕಾರ್ಖಾನೆಯಿದೆ, ಅಲ್ಲಿನ ಕೆಲಸ ಏನೆಂದು ತಿಳಿಯಿತು. ನನಗೆ ಮೆಚ್ಚುಗೆಯೇನೂ ಆಗಲಿಲ್ಲ. ಇದೂ ಒಂದು ಪ್ರದರ್ಶನ, ಇದೂ ಮುಂದಿನ ಹಾಡಿಗೆ ಎಂದೇ ಅಂದುಕೊಂಡೆ.

ಚಂದ್ರಾವತಿ ಅಳಲಿಲ್ಲ, ಬೈದಳು. “ಎಂತ ಮಾಡ್ಕಂಡಿ ಹೆಣ್ಣೇ? ಎಣ್ಣಿ ಹಚ್ಕಂಡ್ ಕೂಕಣ್ಕ್ ಅಂತ ಗೊತ್ತಿಲ್ಯಾ? ಬೆರ್ಳ್ ಸಂದಿಗೆ ಮೊದ್ಲ್ ಹಚ್ಕ್. ಅಷ್ಟೂ ತಿಳಿದಿಲ್ಯಾ ನಿಂಗೆ?” ಎನ್ನುತ್ತ ಸೆರಗಿನಿಂದ ಎರಡೂ ಕೈ ತೆಗೆದು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದಳು. ಸಭೆಯಿದೆಯೆಂಬುದು ಅವಳಿಗೆ ಮರೆತೇಹೋಗಿತ್ತು. ಲೀಲಾಧರ ಗಿಂಡಿಯನ್ನು ತಂದು ಆ ಕೈಗಳ ನಡುವೆಯೇ ಇಟ್ಟ. ಮೂವರೂ ಅದನ್ನು ಹಿಡಿದುಕೊಂಡೇ ಮಂಟಪಕ್ಕೆ ನಡೆದರು.

ಫೋಟೊದವನು ಓಡಿಬಂದು ಕ್ಯಾಮೆರಾವನ್ನು ಕೈಗಳ ಹತ್ತಿರಕ್ಕೆ ಹಿಡಿದ. ದೀಕ್ಷಿತಾ ಒಂದು ಕೈಯನ್ನು ಗಿಂಡಿಯಿಂದ ತೆಗೆದು ಕ್ಯಾಮೆರಾದ ಕಣ್ಣಿಗೆ ಅಡ್ಡ ಹಿಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, ಗಂಟಲು ಹರಿಯುವ ಆ ಸ್ವರದಲ್ಲಲ್ಲ, ಪಕ್ಕದಲ್ಲಿದ್ದ ನನಗೂ ಕಷ್ಟದಿಂದ ಕೇಳುವಷ್ಟು ಮೆಲ್ಲಗೆ ಕೇಳಿದಳು.

“ಅಮ್ಮಾ, ಫೋಟೊ ತೆಗುದಾ, ಬ್ಯಾಡ್ದಾ?”

ಚಂದ್ರಾವತಿ ಉತ್ತರ ಹೇಳುವವರೆಗೂ ಆ ಕೈ ಅಲ್ಲಿಂದ ಸರಿಯಲಿಲ್ಲ.